ಬೇಕಾದಷ್ಟೇ ಕೇಳಿ

ಗದಗದ ಕಡೆಯಿಂದ ಬಂದಿದ್ದ ಆ ತಂದೆಗೆ ಗೊತ್ತಾಗಬೇಕಾಗಿದ್ದದ್ದು ಒಂದೇ ವಿಷಯ. ಸಾಯುವ ಹಿಂದಿನ ರಾತ್ರಿ ಮಗ ಹಾಸ್ಟೆಲಿನಲ್ಲಿ ಉಂಡಿದ್ದನೋ ಇಲ್ಲವೋ. ಆದರೆ ಅವರು ಅದನ್ನು ಕೇಳಲಿಲ್ಲ. ಕಾಲೇಜಿನ ಕೌಂಟರಿನ ಮುಂದೆ ನಿಂತು, "ನನ್ನ ಮಗಂದು ಕಂಪ್ಯೂಟರಿನಾಗ ಏನೇನ ಐತಿ, ಎಲ್ಲಾ ಕೊಡ್ರಿ" ಎಂದರು. ಆ 'ಎಲ್ಲಾ' ಎಂಬ ಮಾತನ್ನು ಕಂಡರೆ ನನಗೆ ಆಗಲೇ ಕೆಲವು ವರ್ಷಗಳಿಂದ ಆಗುತ್ತಿರಲಿಲ್ಲ. ಅದು ಯಾಕೆಂದು ಮೊದಲು ಹೇಳಬೇಕು.

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ಎರಡು ಸಾವಿರದ ನಂತರದ ವರ್ಷಗಳು. ಮನೆ ಫರಂಗಿಪೇಟೆಯಲ್ಲಿ. ದಿನಾ ಬೆಳಿಗ್ಗೆ ಬಿ.ಸಿ. ರೋಡಿಗೆ ಬಂದು, ಬಂಟ್ವಾಳ ಪೇಟೆ ದಾಟಿ, ಸಿದ್ಧಕಟ್ಟೆಯ ತಿರುವುಗಳಲ್ಲಿ ಬಸ್ಸಿನ ಕಂಬಿಗೆ ಜೋತುಬಿದ್ದು ಕಾಲೇಜು ಮುಟ್ಟುತ್ತಿದ್ದೆ. ವಿಭಾಗ ಎಂದರೆ ಒಂದು ಎ.ಸಿ. ಕೋಣೆ, ಅದರೊಳಗೆ ಒಂದು ಸರ್ವರ್. ನೋಡಲು ಕಬ್ಬಿಣದ ಕಪಾಟಿನ ಹಾಗೆ ಗಂಭೀರವಾಗಿದ್ದರೂ ಹೊಟ್ಟೆಯೊಳಗೆ ಅಷ್ಟೇನೂ ತಾಕತ್ತಿರಲಿಲ್ಲ. ಮಕ್ಕಳ ಪ್ರವೇಶ, ಅಂಕ, ಲೈಬ್ರೆರಿಯ ಪುಸ್ತಕ, ಹಾಸ್ಟೆಲಿನ ಗೇಟು, ಮೆಸ್ಸಿನ ಊಟ, ಉಗ್ರಾಣದ ಅಕ್ಕಿ ಬೇಳೆ, ಎಲ್ಲದರ ಲೆಕ್ಕ ಅದರಲ್ಲಿದ್ದ ಒಂದೇ ಡಾಟಾಬೇಸಿನಲ್ಲಿ. ಬೆಳ್ತಂಗಡಿಯಲ್ಲಿದ್ದ ನಮ್ಮದೇ ಶಾಲೆಯೂ ಟೆಲಿಫೋನ್ ತಂತಿಯ ಮೂಲಕ ಅದಕ್ಕೇ ಬಾಯಿ ಹಾಕುತ್ತಿತ್ತು.

ಎಲ್ಲರೂ ತಮಗೆ ಬೇಕಾದಷ್ಟನ್ನು ಕೇಳಿದರೆ ಆ ಸರ್ವರ್ ಎಲ್ಲರಿಗೂ ಸಾಕಾಗುತ್ತಿತ್ತು. ಈ ಹುಡುಗಿ ಯಾವ ಕೋಣೆಯಲ್ಲಿದ್ದಾಳೆ ಎಂದು ಕೇಳಿ, ಕಣ್ಣು ಮಿಟುಕಿಸುವುದರೊಳಗೆ ಉತ್ತರ. ಆದರೆ ನಮ್ಮವರು ಹಾಗೆ ಕೇಳುವವರಲ್ಲ. ಒಂದು ಪುಸ್ತಕ ಹುಡುಕಬೇಕಾದರೆ ಲೈಬ್ರೆರಿಯವರು ಕಾಲೇಜು ಶುರುವಾದಾಗಿನಿಂದ ಇರುವ ಅಷ್ಟೂ ಪುಸ್ತಕಗಳನ್ನು ಅಕಾರಾದಿಯಾಗಿ ಕರೆಯುತ್ತಿದ್ದರು. ಸಂಚಾಲಕರ ಕಚೇರಿಯಿಂದ ವಾರಕ್ಕೊಮ್ಮೆ 'ಎಲ್ಲಾ ಮಕ್ಕಳ ಎಲ್ಲಾ ವಿವರ' ಬೇಕೆಂದು ಅಪ್ಪಣೆಯಾಗುತ್ತಿತ್ತು. ಇಂಥ ಒಂದು ರಿಪೋರ್ಟ್ ಹಾಕಿದರೆ ಸರ್ವರ್ ಒಂದೊಂದೇ ಸಾಲನ್ನು ಹೆಕ್ಕುತ್ತಾ ಕೂರುತ್ತಿತ್ತು. ಉಳಿದವರಿಗೆಲ್ಲ ಪರದೆ ಸ್ತಬ್ಧ. ಉತ್ತರ ಬರುವುದು ತಡವಾದರೆ ನಮ್ಮವರು ಕಾಯುತ್ತಾರೆಯೇ? ಫೋನಿನಲ್ಲಿ ಹಲೋ ಹಲೋ ಎಂದು ಕೂಗುವ ಹಾಗೆ ಪುನಃ ಪುನಃ ಎಂಟರ್ ಒತ್ತುತ್ತಿದ್ದರು. ಒಂದೊಂದು ಒತ್ತಿಗೂ ಅದೇ ದೊಡ್ಡ ಪ್ರಶ್ನೆ ಹೊಸದಾಗಿ ಹೋಗಿ ಸರ್ವರಿನ ಕುತ್ತಿಗೆಗೆ ಬೀಳುತ್ತಿತ್ತು.

ಇದರ ಪೆಟ್ಟು ಬೀಳುತ್ತಿದ್ದದ್ದು ಮೆಸ್ಸಿಗೆ. ಮಕ್ಕಳು ಬಾಗಿಲಲ್ಲಿದ್ದ ಯಂತ್ರಕ್ಕೆ ಕಾರ್ಡು ಉಜ್ಜಿ ಒಳಗೆ ಹೋಗಬೇಕು. ಸರ್ವರ್ ಉತ್ತರಿಸದಿದ್ದರೆ ಬಾಗಿಲು ತೆರೆಯದು, ಸಾಲು ಅಂಗಳದವರೆಗೆ ಬೆಳೆದು, ತಟ್ಟೆ ಬಡಿಯುವ ಸದ್ದು ನನ್ನ ಕೋಣೆಗೆ ಕೇಳುತ್ತಿತ್ತು. ಆಗ ಆಫೀಸ್ ಮ್ಯಾನೇಜರು ಬಾಗಿಲಲ್ಲಿ ತಲೆ ತೂರಿಸುವರು. ತುಳು ಮನೆಮಾತಿನ, ನಿವೃತ್ತಿಗೆ ಹತ್ತಿರವಾದ, ಯಾರನ್ನೂ ಗದರದ ಮನುಷ್ಯ.

"ಎಂತ ಮಾರಾಯ, ನಿನ್ನ ಪೆಟ್ಟಿಗೆ ಪುನಃ ಮಲಗಿತಾ?"

"ಮಲಗಿದ್ದಲ್ಲ ಸರ್. ನೀವೆಲ್ಲ ಸೇರಿ ಮಲಗಿಸಿದ್ದು."

ಇದಕ್ಕೊಂದು ಗತಿ ಕಾಣಿಸಲೇಬೇಕೆಂದು ಕೂತಾಗ ನನಗೆ ನೆನಪಾದದ್ದು ನಮ್ಮ ಮನೆಯ ಹರಿವಾಣ. ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ನೆಲಕ್ಕೆ ಬಟ್ಟೆ ಹಾಸಿ, ನಡುವೆ ಒಂದು ದೊಡ್ಡ ಹರಿವಾಣದಲ್ಲಿ ಅನ್ನ ಸುರಿದು, ಸುತ್ತ ಕೂತು ಉಣ್ಣುವುದು ನಮ್ಮಲ್ಲಿ ರೂಢಿ. ಅದಕ್ಕೆ ಇರುವುದು ಒಂದೇ ನಿಯಮ, ನಿನ್ನ ಎದುರಿಗಿರುವುದನ್ನು ತಿನ್ನು. ಆಚೆ ಬದಿಯಲ್ಲಿ ಎಷ್ಟೇ ದಪ್ಪದ ಮೀನಿನ ತುಂಡು ಕಂಡರೂ ಕೈ ಚಾಚಬಾರದು. ಚಾಚಿದರೆ ಉಮ್ಮ, ಎಂದರೆ ಅಮ್ಮ, ಸೌಟಿನ ಹಿಡಿಯಿಂದ ಬೆರಳ ಗಂಟಿಗೆ ಒಂದು ಕೊಡುತ್ತಿದ್ದಳು. ಗೆರೆ ಎಳೆದಿರುವುದಿಲ್ಲ, ಆದರೂ ಯಾರ ಬದಿ ಎಲ್ಲಿ ಮುಗಿಯುತ್ತದೆಂದು ಕೂತವರಿಗೆಲ್ಲ ಗೊತ್ತಿರುತ್ತದೆ.

ಅದನ್ನೇ ಸರ್ವರಿಗೆ ಕಲಿಸಿದೆ. ಮಗುವಿನ ನೋಂದಣಿ ಸಂಖ್ಯೆಯನ್ನೋ ತಾರೀಕನ್ನೋ ಹೇಳದೆ ಕೇಳಿದರೆ ಉತ್ತರವಿಲ್ಲ. ಒಂದು ವಿಭಾಗದಿಂದ ಒಂದು ಸಲಕ್ಕೆ ಒಂದೇ ರಿಪೋರ್ಟ್, ಎಂಟರ್ ಎಷ್ಟು ಒತ್ತಿದರೂ ಸರಿ. ಇಂತಿಷ್ಟು ಹೊತ್ತು ದಾಟಿದ ಪ್ರಶ್ನೆಯನ್ನು ಅಲ್ಲಿಗೇ ಕಡಿದು ಬಿಸಾಡುವುದು. ನಿಜವಾಗಿಯೂ ಬೇಕಾದ ದೊಡ್ಡ ಪಟ್ಟಿಗಳನ್ನು ಯಾರೂ ಕೆಲಸ ಮಾಡದ ಹೊತ್ತಿನಲ್ಲಿ ಯಂತ್ರವೇ ತಯಾರಿಸಿಟ್ಟುಕೊಳ್ಳಬೇಕು, ಕೇಳಿದವರಿಗೆ ಅದನ್ನೇ ಎತ್ತಿ ಕೊಡಬೇಕು. ಕಡಿದು ಬಿಸಾಡಿದಾಗ ಪರದೆಯ ಮೇಲೆ ಒಂದು ಮಾತು ಬರುವಂತೆ ಮಾಡಿದೆ. ಆ ಪರದೆಗಳಲ್ಲಿ ಕನ್ನಡ ಲಿಪಿ ಮೂಡುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಮೊದಲು 'ನಿಮ್ಮ ಎದುರಿನದ್ದನ್ನು ತಿನ್ನಿ' ಎಂದು ಹಾಕಿದ್ದೆ. ಮ್ಯಾನೇಜರು ಓದಿ, "ಇದೆಂತ, ಕಂಪ್ಯೂಟರಾ ಕ್ಯಾಂಟೀನಾ?" ಎಂದರು. 'ಬೇಕಾದಷ್ಟೇ ಕೇಳಿ' ಎಂದು ಬದಲಾಯಿಸಿದೆ. ಆ ಇಡೀ ವ್ಯವಸ್ಥೆಗೆ ಚೆಕ್‌ಪೋಸ್ಟ್ ಎಂದು ಹೆಸರಿಟ್ಟವರೂ ಅವರೇ.

ಬೈಗುಳಕ್ಕೆ ಬರವಿರಲಿಲ್ಲ. ಸಂಚಾಲಕರ ಕಚೇರಿಯಿಂದ ಕರೆ ಬಂತು, ಸಂಚಾಲಕರಿಗೂ ಚೆಕ್‌ಪೋಸ್ಟ್ ಉಂಟಾ ಎಂದು. ಹರಿವಾಣಕ್ಕೆ ಕೂತ ಮೇಲೆ ಮದುಮಗನೂ ತನ್ನ ಬದಿಯದ್ದನ್ನೇ ತಿನ್ನಬೇಕು ಎಂದೆ. ಹೇಳುವ ರೀತಿ ಅದಲ್ಲ ಎಂದು ಮ್ಯಾನೇಜರು ಆಮೇಲೆ ಬುದ್ಧಿ ಹೇಳಿದರು. ನನ್ನ ಮೂಗಿನ ತುದಿಯ ಸಿಟ್ಟು ಕಾಲೇಜಿಗೆಲ್ಲ ಗೊತ್ತಿದ್ದದ್ದೇ. ಆದರೆ ಒಂದು ಸಂಗತಿಯನ್ನು ಈ ಜಗಳಗಳಲ್ಲೇ ಕಲಿತೆ. ಎಲ್ಲಾ ಕೊಡಿ ಎಂದವರನ್ನು, ನಿಮಗೆ ಇದು ಎಂತಕ್ಕೆ ಬೇಕು ಎಂದು ಕೇಳಿದರೆ ಒಳಗೆ ಒಂದು ಸಣ್ಣ ಪ್ರಶ್ನೆ ಕೂತಿರುತ್ತದೆ. ಎಲ್ಲಾ ಮಕ್ಕಳ ಎಲ್ಲಾ ವಿವರ ಕೇಳಿದ್ದ ಕಚೇರಿಗೆ ಬೇಕಾಗಿದ್ದದ್ದು, ರಜೆಗೆ ಹಾಸನದ ಕಡೆ ಎಷ್ಟು ಬಸ್ಸು ಬಿಡಬೇಕು ಎಂಬುದಷ್ಟೇ. ಆ ಸಣ್ಣ ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಲು ಜನರಿಗೆ ಏನೋ ಸಂಕೋಚ. ದೊಡ್ಡದನ್ನು ಕೇಳಿದರೆ ಸಣ್ಣದು ಅದರ ಜೊತೆಗೆ ತಾನಾಗಿ ಬಂದೀತು ಎಂಬ ಆಸೆ.

ಹರಿವಾಣದ ಮಾತು ಬಂತಲ್ಲ, ಉಪ್ಪನ ಬಗ್ಗೆಯೂ ಹೇಳಬೇಕು. ನಮ್ಮಲ್ಲಿ ಉಪ್ಪ ಎಂದರೆ ಅಪ್ಪ. ಅವರು ಗಲ್ಫಿನಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಮನೆಯ ಹರಿವಾಣ ತುಂಬಿದ ಹಾಗಿರುತ್ತಿತ್ತು. ಅವರದೊಂದು ಅಭ್ಯಾಸ. ಊಟ ಮುಗಿಸುವಾಗ ತನ್ನ ಬದಿಯಲ್ಲಿ ಒಂದು ಹಿಡಿ ಅನ್ನ ಉಳಿಸುವುದು, ಬೆಕ್ಕಿಗೆ. ಉಂಡ ಬದಿಯನ್ನು ಬರಿದು ಮಾಡಿ ಏಳಬೇಕು, ಅನ್ನ ಬಿಡಬಾರದು ಎಂದು ಉಮ್ಮ ಗೊಣಗಿದರೆ, "ಅದೂ ನಮ್ಮ ಹರಿವಾಣದ್ದೇ ಅಲ್ಲವಾ" ಎಂದು ನಕ್ಕು ಏಳುತ್ತಿದ್ದರು. ಒಂದು ಊಟದಲ್ಲೂ ಇದು ತಪ್ಪಿದ್ದನ್ನು ನಾನು ಕಂಡಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ, ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ, ಅವರು ಅಲ್ಲೇ ನಿದ್ದೆಯಲ್ಲಿ ತೀರಿಹೋದರು. ಹೃದಯ ನಿಂತಿತು ಎಂದರು. ದಫನವೂ ಅಲ್ಲೇ ಆಯಿತು. ಪೇಟೆಯ ಅಂಗಡಿಗೆ ಫೋನ್ ಬಂದು, ಅಂಗಡಿಯವರು ಮನೆಗೆ ಬಂದು ಹೇಳಿದಾಗ ನನಗೆ ಅಳು ಬರಲಿಲ್ಲ. ಎರಡು ವರ್ಷಕ್ಕೊಮ್ಮೆ ಕಾಣುವ ಮನುಷ್ಯ ಇನ್ನು ಕಾಣುವುದಿಲ್ಲ ಎಂದರೆ, ದಿನನಿತ್ಯದಲ್ಲಿ ಯಾವುದೂ ಬದಲಾಗುವುದಿಲ್ಲ. ಮರುದಿನವೂ ಅದೇ ಶಾಲೆ, ಅದೇ ಚೀಲ. ಎದೆಯಲ್ಲಿ ಒಂದು ಜಾಗ ಮರಗಟ್ಟಿ ಕುಳಿತುಬಿಟ್ಟಿತು. ಚಿವುಟಿದರೂ ನೋವಾಗದಂಥ ಜಾಗ. ಆಮೇಲಿನ ವರ್ಷಗಳಲ್ಲಿ ನಾನು ಸಿಟ್ಟು ಮಾಡಿಕೊಂಡಿದ್ದುಂಟು, ನಗಾಡಿದ್ದುಂಟು, ಅತ್ತದ್ದಿಲ್ಲ. ಅದು ಒಂದು ಕೊರತೆ ಎಂದೂ ಅನ್ನಿಸುತ್ತಿರಲಿಲ್ಲ.

ಕೆಲವು ವಾರಗಳ ಮೇಲೆ, ಅಲ್ಲಿ ಉಪ್ಪನ ಕೋಣೆಯಲ್ಲೇ ಇದ್ದ ಒಬ್ಬರು ಅವರ ಸೂಟ್‌ಕೇಸ್ ಹೊತ್ತುಕೊಂಡು ಬಂದರು. ಬಂಟ್ವಾಳ ಪೇಟೆಯ ಕಡೆಯವರು. ಗಂಡ ಸತ್ತ ಹೆಂಗಸರು ಪರಗಂಡಸರ ಮುಂದೆ ಬಾರದೆ ಒಳಗಿರುವ ದಿನಗಳವು. ಉಮ್ಮ ಬಾಗಿಲ ಹಿಂದೆ ನಿಂತು ಒಂದೇ ಮಾತು ಕೇಳಿದಳು.

"ಅವತ್ತು ರಾತ್ರಿ ಅವರು ಉಂಡಿದ್ದರಾ?"

"ಉಂಡಿದ್ದಾರೆ" ಎಂದರು ಆತ, ಒಂದು ಕ್ಷಣವೂ ತಡಮಾಡದೆ. "ನಾವೆಲ್ಲ ಒಟ್ಟಿಗೇ ಕೂತದ್ದು. ಅವರ ಬದಿಯಲ್ಲಿ ಒಂದು ಅಗುಳೂ ಇರಲಿಲ್ಲ, ಪೂರ್ತಿ ಖಾಲಿ."

ಒಳಗಿನಿಂದ ಬೇರೆ ಮಾತು ಬರಲಿಲ್ಲ. ಆತ ಚಹಾ ಕುಡಿದು ಹೋದರು. ಉಮ್ಮ ಸಮಾಧಾನಗೊಂಡಳೆಂದು ನಾನು ತಿಳಿದುಕೊಂಡೆ. ಮತ್ತೆ ನಮ್ಮ ಮನೆಯಲ್ಲಿ ಅದರ ಮಾತು ಬರಲಿಲ್ಲ.

ಈಗ ಗದಗದ ಕಡೆಯ ತಂದೆಗೆ ಬರುತ್ತೇನೆ. ಅವರ ಮಗ ನಮ್ಮಲ್ಲಿ ಪಿಯುಸಿ ಓದುತ್ತಿದ್ದ. ಬೇಸಗೆಯ ಒಂದು ಭಾನುವಾರ ಬೆಳಿಗ್ಗೆ ಗೆಳೆಯರ ಜೊತೆ ಹೊಳೆಗೆ ಈಜಲು ಹೋದವನು ಮೇಲೆ ಬರಲಿಲ್ಲ. ಶವವನ್ನು ಅಂದೇ ಊರಿಗೆ ಕೊಂಡುಹೋಗಿದ್ದರು. ಅವನ ಟ್ರಂಕು ಹಾಸ್ಟೆಲಿನಲ್ಲಿ ಉಳಿದಿತ್ತು. ಜೂನ್ ತಿಂಗಳಲ್ಲಿ ತಂದೆ ಅದನ್ನು ಒಯ್ಯಲು ಬಂದರು. ಪ್ರವೇಶದ ಸಮಯ, ಕಾಲೇಜಿನೊಳಗೆ ಕಾಲಿಡಲು ಜಾಗವಿಲ್ಲ, ಕರ್ನಾಟಕದ ಎಲ್ಲ ಮೂಲೆಗಳ ಕೊಡೆಗಳೂ ವರಾಂಡದಲ್ಲಿ ನೀರು ಇಳಿಸುತ್ತಿದ್ದವು. ಅಷ್ಟು ಜನರ ಮಧ್ಯೆ ಅವರು ಕೌಂಟರಿಗೆ ಬಂದು ಎಲ್ಲಾ ಕೊಡ್ರಿ ಎಂದದ್ದು.

ಕೌಂಟರಿನಲ್ಲಿದ್ದವರು ಮ್ಯಾನೇಜರು. ಮರುಮಾತಿಲ್ಲದೆ ರಿಪೋರ್ಟ್ ಹಾಕಿದರು. ಒಬ್ಬ ಹುಡುಗನ ಪ್ರತಿ ಊಟ, ಪ್ರತಿ ಗೇಟು, ಪ್ರತಿ ಪುಸ್ತಕ, ತಾರೀಕಿನ ಮಿತಿಯಿಲ್ಲದೆ. ಚೆಕ್‌ಪೋಸ್ಟ್ ಕಡಿದು ಹಾಕಿತು. ಪುನಃ ಹಾಕಿದರು, ಪುನಃ ಕಡಿಯಿತು. ಆಮೇಲೆ ನನಗೆ ಫೋನು.

"ಈ ಒಂದು ಸಲ ಬಿಡುವ ಮಾರಾಯ. ಮಗ ಹೋದವರು ಇವರು."

ಬಿಡಬಹುದಿತ್ತು. ಬಿಟ್ಟರೆ ಪ್ರವೇಶದ ಕೌಂಟರುಗಳೆಲ್ಲ ನಿಲ್ಲುತ್ತಿದ್ದವು. ಹಿಂದಿನ ದಿನ ಬಸ್ಸು ಹತ್ತಿ ಬಂದವರು, ಕೈಗೂಸುಗಳನ್ನು ಎತ್ತಿಕೊಂಡವರು ಆ ಸಾಲಿನಲ್ಲಿದ್ದರು. ನನಗೆ ಅಯ್ಯೋ ಎನ್ನಿಸಲಿಲ್ಲ, ಬೇಸರವೂ ಆಗಲಿಲ್ಲ. ಅವರನ್ನು ನನ್ನ ಕೋಣೆಗೆ ಕಳಿಸಿ ಎಂದು ಫೋನ್ ಇಟ್ಟೆ.

ಅವರು ಬಂದರು. ಬಿಳಿ ಧೋತರ, ಟೋಪಿ ಕೈಯಲ್ಲಿ. ಎ.ಸಿ.ಯ ತಂಪಿಗೆ ಒದ್ದೆ ಅಂಗಿಯಲ್ಲಿ ನಡುಗುತ್ತಿದ್ದರೂ ಅದು ಅವರ ಗಮನಕ್ಕೆ ಬಂದಂತಿರಲಿಲ್ಲ. ನಾನು ಎ.ಸಿ. ಕಡಿಮೆ ಮಾಡಿ ಕುರ್ಚಿ ಎಳೆದುಕೊಟ್ಟೆ. ಪರದೆಯ ಮೇಲೆ ನನ್ನ ಆ ಮಾತು ಇನ್ನೂ ಇತ್ತು.

"ಅದು ಏನಂತ ಬರದೈತ್ರಿ?"

"ಬೇಕಾದಷ್ಟೇ ಕೇಳಿ, ಅಂತ."

ಅವರು ಅದನ್ನು ನೋಡುತ್ತಾ ಕೂತರು. ಹಾಗೆ ಬರೆದವನು ನಾನೇ ಎಂದು ನನಗೆ ಹೇಳಬೇಕೆನ್ನಿಸಲಿಲ್ಲ.

"ನೋಡಿ, ಎಲ್ಲಾ ಅಂತ ಕೇಳಿದ್ರೆ ಇದು ಕೊಡುವುದಿಲ್ಲ" ಎಂದೆ. "ನಿಮಗೆ ಗೊತ್ತಾಗಬೇಕಾದದ್ದು ಒಂದು ವಿಷಯ ಇರ್ತದಲ್ಲ, ಅದನ್ನು ಹೇಳಿ. ನಾನು ತೆಗೆದುಕೊಡ್ತೇನೆ."

ದಿನಕ್ಕೆ ಹತ್ತು ಜನರಿಗೆ ಹೇಳುವ ಮಾತು, ಅದೇ ದನಿಯಲ್ಲಿ ಹೇಳಿದೆ. ಅವರು ಟೋಪಿಯನ್ನು ಮಡಿಸಿದರು, ಬಿಚ್ಚಿದರು. ಆಮೇಲೆ ಹೇಳಿದರು. ಆ ಶನಿವಾರ ಸಂಜೆ ಮಗ ಫೋನ್ ಮಾಡಿದ್ದ. ಸೋದರಮಾವನ ಮಗಳ ಮದುವೆಗೆ ಊರಿಗೆ ಬರುತ್ತೇನೆ ಎಂದ. ಪರೀಕ್ಷೆ ಹತ್ತಿರ ಬಂತು, ಬರಬೇಡ ಎಂದು ಇವರು ಗದರಿದರು. ಹುಡುಗ ಮುನಿಸಿಕೊಂಡು, ಹಾಗಾದರೆ ನನಗೆ ಊಟವೂ ಬೇಡ, ಏನೂ ಬೇಡ ಎಂದು ಫೋನ್ ಇಟ್ಟಿದ್ದ. ಮರುದಿನ ಬೆಳಿಗ್ಗೆ ಹೊಳೆ.

"ಹಸಕೊಂಡ ನೀರಿಗಿ ಇಳದನೋ ಏನೋ ಅಂತ" ಎಂದರು. "ಅಷ್ಟ ತಿಳದ್ರ ಸಾಕ್ರಿ. ಅವರವ್ವನೂ ಅದನ್ನ ಕೇಳತಾಳ."

ನಾನು ಹುಡುಗನ ನೋಂದಣಿ ಸಂಖ್ಯೆ ಹಾಕಿದೆ, ತಾರೀಕು ಹಾಕಿದೆ, ಮೆಸ್ ಎಂದು ಹಾಕಿದೆ. ಎಂಟರ್ ಒತ್ತಿ ಕೈ ತೆಗೆಯುವುದರೊಳಗೆ ಉತ್ತರ ಬಂತು. ಒಂದೇ ಸಾಲು. ಶನಿವಾರ ರಾತ್ರಿಯ ಊಟಕ್ಕೆ ಅವನ ಕಾರ್ಡು ಉಜ್ಜಲಾಗಿತ್ತು.

ಇಲ್ಲಿ ನನಗೆ ಗೊತ್ತಿದ್ದ ಇನ್ನೊಂದು ಸಂಗತಿ ಇದೆ. ಊಟಕ್ಕೆ ಹೋಗದ ಹುಡುಗರು ಕಾರ್ಡನ್ನು ಗೆಳೆಯರ ಕೈಗೆ ಕೊಡುತ್ತಿದ್ದರು. ಗೆಳೆಯ ಎರಡು ಸಲ ಉಜ್ಜಿ ಇನ್ನೊಂದು ಮೊಟ್ಟೆಯನ್ನೋ ಇನ್ನೊಂದು ಬಟ್ಟಲು ಪಾಯಸವನ್ನೋ ಪಡೆಯುತ್ತಿದ್ದ. ಹಾಸ್ಟೆಲಿನಲ್ಲಿ ಎಲ್ಲರಿಗೂ ತಿಳಿದ ಆಟ ಅದು. ಕಾರ್ಡು ಬಂದಿತ್ತೆಂದು ಮಾತ್ರ ಯಂತ್ರಕ್ಕೆ ಗೊತ್ತು, ಯಾರ ಹೊಟ್ಟೆ ತುಂಬಿತೆಂದು ಗೊತ್ತಿಲ್ಲ. ಹಾಗಾಗಿ ನಾನು ಅಳೆದು ಮಾತಾಡಿದೆ.

"ಅವನ ಕಾರ್ಡು ಊಟಕ್ಕೆ ಬಂದದ್ದು ಉಂಟು."

"ಕಾರ್ಡು ಬಂದಿತ್ತು" ಎಂದರು ಅವರು, ನನ್ನ ಮುಖ ನೋಡುತ್ತಾ. ಆಮೇಲೆ, "ಅವತ್ತ ರಾತ್ರಿ ಊಟಕ್ಕ ಏನ ಮಾಡಿದ್ರು, ಅದೂ ಇದರಾಗ ಇರತೈತೇನ್ರಿ?" ಎಂದು ಕೇಳಿದರು.

ಅಡುಗೆಯ ಪಟ್ಟಿ ನಮ್ಮಲ್ಲಿ ಇರಲಿಲ್ಲ, ಆದರೆ ಉಗ್ರಾಣದಿಂದ ಆ ಹೊತ್ತಿನ ಅಡುಗೆಗೆ ಏನು ಕೊಟ್ಟರು ಎಂಬುದಿತ್ತು. ಅದೂ ಸಣ್ಣ ಪ್ರಶ್ನೆ. ಕುಚ್ಚಲಕ್ಕಿ, ತೊಗರಿ ಬೇಳೆ, ಸೌತೆಕಾಯಿ, ಗೋಧಿ ಹಿಟ್ಟು.

"ಗೋಧಿ ಹಿಟ್ಟು ಕೊಟ್ಟಿದ್ದಾರೆ. ಚಪಾತಿ ಮಾಡಿದ್ದಾರೆ."

ಅವರ ತಲೆ ನಿಧಾನವಾಗಿ ಅಲ್ಲಾಡಿತು. "ಅಂವಗ ನಿಮ್ಮ ಕುಚ್ಚಲಕ್ಕಿ ಅನ್ನ ಸೇರತಿರಲಿಲ್ರಿ. ಚಪಾತಿ ಇದ್ರ ಬಿಡಾಂವಲ್ಲ. ಹಂಗಾರ ಉಂಡಾನ."

ಪ್ರಿಂಟ್ ಕೊಡಲೇ ಎಂದು ಕೇಳಿದೆ. ಕಾಗದ ಬೇಡ ಎಂದರು. ಎದ್ದು, ನನ್ನ ಹೆಗಲಿನ ಮೇಲೆ ಒಮ್ಮೆ ಕೈ ಇಟ್ಟು, ತ್ರಾಸ ಕೊಟ್ಟೆ ಎಂದು ಹೇಳಿ ಹೊರಗೆ ಹೋದರು. ಕಿಟಕಿಯಿಂದ ನೋಡಿದರೆ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದರು. ಪ್ರವೇಶದ ಕೌಂಟರುಗಳು ಒಂದು ನಿಮಿಷವೂ ನಿಂತಿರಲಿಲ್ಲ. ಚೆಕ್‌ಪೋಸ್ಟ್ ಮಾಡಬೇಕಾದ್ದನ್ನು ಮಾಡಿತ್ತು. ಮ್ಯಾನೇಜರು ಬಂದು ಸಿಕ್ಕಿತಾ ಎಂದರು, ಸಿಕ್ಕಿತು ಎಂದೆ. ಮಧ್ಯಾಹ್ನದ ಮೇಲೆ ಬೆಳ್ತಂಗಡಿಯ ತಂತಿ ಕೆಟ್ಟು, ಉಳಿದ ಹೊತ್ತು ಅದರಲ್ಲೇ ಹೋಯಿತು.

ಅಂದು ಮನೆಗೆ ಬಂದು ಊಟಕ್ಕೆ ಕೂತಾಗ ನಾವಿಬ್ಬರೇ, ಉಮ್ಮ ಮತ್ತು ನಾನು. ಇಬ್ಬರಿಗೆ ಹರಿವಾಣ ದೊಡ್ಡದಾಗುತ್ತಿತ್ತು, ಆದರೂ ಉಮ್ಮ ಬೇರೆ ತಟ್ಟೆ ಇಟ್ಟವಳಲ್ಲ. ಉಪ್ಪ ಕೂರುತ್ತಿದ್ದ ಬದಿಯಲ್ಲಿ ಅನ್ನ ಹಾಕದೆ ಬಿಡುವುದು ರೂಢಿಯಾಗಿಹೋಗಿತ್ತು. ಬಂಗುಡೆಯ ಸಾರಿತ್ತು. ನಾನು ಆ ತಂದೆಯ ಸಂಗತಿ ಹೇಳಿದೆ, ಕಾರ್ಡು, ಚಪಾತಿ, ಎಲ್ಲ. ಆಫೀಸಿನ ಸುದ್ದಿ ಹೇಳುವ ಹಾಗೆಯೇ ಹೇಳಿದೆ. ಉಮ್ಮ ಮೀನಿನ ಮುಳ್ಳು ಬಿಡಿಸುತ್ತಾ ಕೇಳಿದಳು. ಆಮೇಲೆ, ಯಾಕೆಂದು ಗೊತ್ತಿಲ್ಲ, ಅಷ್ಟು ವರ್ಷ ಕೇಳದಿದ್ದುದನ್ನು ನಾನು ಕೇಳಿದೆ. ಅವತ್ತು ಸೂಟ್‌ಕೇಸ್ ತಂದವರು ಹೇಳಿದ್ದನ್ನು ನೀನು ನಂಬಿದೆಯಾ ಎಂದು.

"ಎಲ್ಲಿಂದ ನಂಬುವುದು?" ಎಂದಳು. "ಬದಿ ಪೂರ್ತಿ ಖಾಲಿ ಇತ್ತು ಅಂದ ಅಲ್ಲವಾ. ಬೆಕ್ಕಿಗೆ ಒಂದು ಹಿಡಿ ಬಿಡದೆ ನಿನ್ನ ಉಪ್ಪ ಎದ್ದದ್ದುಂಟಾ?"

ಹಾಗಾದರೆ ಅವತ್ತು ಯಾಕೆ ಸುಮ್ಮನಿದ್ದೆ ಎಂದೆ.

"ಅಷ್ಟು ದೂರದಿಂದ ಅದೊಂದು ಮಾತು ಹೊತ್ತುಕೊಂಡು ಬಂದಿದ್ದ, ಪಾಪ. ಅವನಾದರೂ ಎಂತ ಮಾಡ್ತಾನೆ? ನಾನು ಒಪ್ಪಿಕೊಳ್ಳದಿದ್ದರೆ ಅವನು ಅದನ್ನು ಪುನಃ ಹೊತ್ತುಕೊಂಡು ಹೋಗಬೇಕಿತ್ತು."

ನನಗೆ ಗದಗದ ಕಡೆಯ ಆ ಮನುಷ್ಯ ನನ್ನ ಮುಖ ನೋಡುತ್ತಾ 'ಕಾರ್ಡು ಬಂದಿತ್ತು' ಎಂದದ್ದು ನೆನಪಾಯಿತು. ಹೆಗಲ ಮೇಲಿಟ್ಟ ಕೈ ನೆನಪಾಯಿತು. ಉಂಡಾನ ಎಂದು ಅವರು ಹೇಳಿದ್ದು ತಮಗಾಗಿಯೋ ನನಗಾಗಿಯೋ ಎಂದು ಆಗ ಮೊದಲ ಸಲ ಯೋಚಿಸಿದೆ. ಅನ್ನದ ಮೇಲೆ ನೀರು ಬೀಳುತ್ತಿತ್ತು, ಅದು ನನ್ನ ಕಣ್ಣಿನದೆಂದು ತಿಳಿಯಲು ಹೊತ್ತು ಬೇಕಾಯಿತು.

ಉಮ್ಮ ಬಿಡಿಸಿಟ್ಟಿದ್ದ ಮೀನನ್ನು ಅನ್ನದ ಜೊತೆ ಕಲಸಿ, ತನ್ನ ಬದಿಯನ್ನು ದಾಟಿ, ಉಪ್ಪನ ಖಾಲಿ ಬದಿಯನ್ನೂ ದಾಟಿ, ಕೈ ಚಾಚಿ ನನ್ನ ಎದುರಿಗೆ ಇಟ್ಟಳು.

"ತಿನ್ನು" ಎಂದಳು.